ಮಕರೇನಾ ಕುಣಿತ: ಕಲಿಯುವ ಮತ್ತು ಗುಂಪಿಗೆ ಕಲಿಸುವ ಬಗೆ

ಮನೆಯ ಪುಟ್ಟ ಮಗುವಿನಿಂದ ಹಿಡಿದು ಅಜ್ಜಿಯವರೆಗೆ ಎಲ್ಲರೂ ಒಂದೇ ಸಾಲಿನಲ್ಲಿ ನಿಂತು ಕುಣಿಯಬಹುದಾದ, ಜೋಡಿಯನ್ನು ಹುಡುಕಬೇಕಾಗಿಲ್ಲದ, ವರ್ಷಗಟ್ಟಲೆ ಅಭ್ಯಾಸವನ್ನೂ ಬೇಡದ ಕುಣಿತ ಯಾವುದೆಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವ ಹೆಸರು ಮಕರೇನಾ. 1996ರಲ್ಲಿ ಜಗತ್ತನ್ನೆಲ್ಲ ಸುತ್ತಿ ಬಂದ ಈ ಸ್ಪ್ಯಾನಿಷ್ ಹಾಡಿನ ಕುಣಿತವು ಇಂದಿಗೂ ಮದುವೆಯ ಹಿಂದಿನ ರಾತ್ರಿಯ ಹಾಡು-ಕುಣಿತದಲ್ಲಿ, ಶಾಲೆಯ ವಾರ್ಷಿಕೋತ್ಸವದಲ್ಲಿ, ಹೊರದೇಶದ ಕನ್ನಡ ಸಂಘಗಳ ಕೂಟಗಳಲ್ಲಿ ಸಲ್ಲುತ್ತದೆ. ಆದರೆ ಬಹಳಷ್ಟು ಕಡೆ ಇದನ್ನು ಕೈಗಳ ಕವಾಯತಿನಂತೆ ಆಡಿ ಮುಗಿಸಿಬಿಡುತ್ತಾರೆ. ಕೈಗಳ ಕ್ರಮವನ್ನು ಕಾಲು ಗಂಟೆಯಲ್ಲಿ ಕಲಿಯಬಹುದು ಎಂಬುದು ನಿಜ; ಆದರೆ ಕೈಗಳು ಇಲ್ಲಿ ಎಣಿಕೆಯನ್ನು ಕಾಯುತ್ತವೆಯೇ ಹೊರತು ಕುಣಿಯುವುದಿಲ್ಲ. ಕುಣಿಯುವುದು ಮೊಣಕಾಲು ಮತ್ತು ಸೊಂಟ. ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡು ಕಲಿತರೆ ಅದೇ ಹದಿನಾರು ಎಣಿಕೆಗಳು ಬೇರೆಯೇ ಕಳೆಯಲ್ಲಿ ಕಾಣಿಸುತ್ತವೆ.

ಹೆಜ್ಜೆಗಳಿಗೆ ಹೋಗುವ ಮೊದಲು ಹಾಡು ಎಲ್ಲಿಂದ ಬಂತೆಂಬುದನ್ನು ತಿಳಿಯುವುದು ಒಳ್ಳೆಯದು, ಏಕೆಂದರೆ ಸೊಂಟ ಏಕೆ ಮುಖ್ಯ ಎಂಬ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದೆ.

ಹಾಡಿನ ಬೇರು

ಈ ಹಾಡನ್ನು ಹಾಡಿದ ಲೋಸ್ ದೆಲ್ ರಿಯೊ ಇಬ್ಬರ ತಂಡ: ಆಂಟೋನಿಯೊ ರೊಮೇರೊ ಮೊಂಗೆ ಮತ್ತು ರಫಾಯೆಲ್ ರೂಯಿಸ್ ಪೆರ್ದಿಗೋನೆಸ್. ಸ್ಪೇನಿನ ದಕ್ಷಿಣದ ಆಂಡಲೂಸಿಯಾದಲ್ಲಿ, ಸೆವಿಲ್ ನಗರಕ್ಕೆ ಹೊಂದಿಕೊಂಡಿರುವ ದೋಸ್ ಎರ್ಮಾನಾಸ್ ಎಂಬ ಊರಿನವರಾದ ಇವರು 1962ರಿಂದಲೇ ಜೊತೆಯಾಗಿ ಹಾಡುತ್ತಿದ್ದರು. ತಮ್ಮ ಸೀಮೆಯ ಜಾತ್ರೆಗಳಲ್ಲಿಯೂ ಔತಣಗಳಲ್ಲಿಯೂ ಗಿಟಾರ್ ಮತ್ತು ಚಪ್ಪಾಳೆಯೊಂದಿಗೆ ಹಾಡುವ ಸೆವಿಯಾನಾ, ರುಂಬಾ ಮೊದಲಾದ ಜನಪದ ಧಾಟಿಗಳೇ ಇವರ ಬಂಡವಾಳ. 1992ರಲ್ಲಿ ದಕ್ಷಿಣ ಅಮೆರಿಕದ ಪ್ರವಾಸದಲ್ಲಿದ್ದಾಗ ವೆನೆಜುವೆಲಾದ ರಾಜಧಾನಿ ಕರಾಕಸ್‌ನ ಒಂದು ಖಾಸಗಿ ಕೂಟದಲ್ಲಿ ಡಯಾನಾ ಪಟ್ರೀಸಿಯಾ ಕುಬಿಲ್ಯಾನ್ ಎಂಬ ಫ್ಲಮೆಂಕೊ (ಆಂಡಲೂಸಿಯಾದ ಹಾಡು-ಕುಣಿತದ ಶೈಲಿ) ಕಲಾವಿದೆ ಕುಣಿಯುವುದನ್ನು ಕಂಡ ರೊಮೇರೊ, ನಿನ್ನ ಮೈಗೆ ಸಂತೋಷವನ್ನು ಕೊಡು ಎಂಬರ್ಥದ ಮಾತನ್ನು ಆಕೆಯ ಹೆಸರು ಸೇರಿಸಿ ಅಲ್ಲಿಯೇ ಹಾಡಿದರು. ಆ ಮಾತೇ ಪಲ್ಲವಿಯಾಯಿತು. ಹಾಡು ಸಿದ್ಧವಾಗುವಾಗ ಡಯಾನಾಳ ಜಾಗಕ್ಕೆ ಮಕರೇನಾ ಬಂದಳು. ಸೆವಿಲ್ ನಗರದ ಒಂದು ಹಳೆಯ ಬಡಾವಣೆಗೂ ಅಲ್ಲಿ ಭಕ್ತರು ಅಪಾರವಾಗಿ ನಂಬುವ ಮೇರಿ ಮಾತೆಯ ಮೂರ್ತಿಗೂ ಇರುವ ಹೆಸರದು. ಆ ಕಾರಣದಿಂದಲೇ ಅಲ್ಲಿನ ಹೆಣ್ಣುಮಕ್ಕಳಿಗೆ ಅದನ್ನು ಇಡುವ ರೂಢಿಯಿದೆ.

ಆಂಡಲೂಸಿಯಾದ ಎಲ್ಲ ಧಾಟಿಗಳೂ ಹೀಗೆ ಊರು ದಾಟಿ ಹೋಗಬಲ್ಲವುಗಳಲ್ಲ. ಸೆವಿಯಾನಾ ಮೂರರ ನಡೆಯದು. ಬುಲೇರಿಯಾ ಎಂಬುದು ಹನ್ನೆರಡು ಎಣಿಕೆಗಳ ಆವರ್ತದಲ್ಲಿ ಒತ್ತುಗಳು ಅಲ್ಲಲ್ಲಿ ಬೀಳುವ ಕಠಿಣ ಲಯ. ಇವೆರಡರ ನಡುವೆ ರುಂಬಾ ಮಾತ್ರ ನೇರವಾದ ನಾಲ್ಕರ ನಡೆಯಲ್ಲಿ ಸಾಗುತ್ತದೆ. ಅದು ಕ್ಯೂಬಾದಿಂದ ಹಡಗೇರಿ ಸ್ಪೇನಿಗೆ ಬಂದು ಫ್ಲಮೆಂಕೊ ಮನೆತನದಲ್ಲಿ ಬೆರೆತ ಲಯವಾದ್ದರಿಂದ, ಸೊಂಟದ ತೂಗಾಟವನ್ನು ಕೆರಿಬಿಯನ್ ಕಡೆಯಿಂದಲೂ ಚಪ್ಪಾಳೆಯ ಬಿರುಸನ್ನು ಆಂಡಲೂಸಿಯಾದಿಂದಲೂ ಪಡೆದಿದೆ. ಡಿಸ್ಕೊ ಯಂತ್ರದ ನಾಲ್ಕರ ಬಡಿತಕ್ಕೆ ಅದನ್ನು ಕೂಡಿಸುವುದು ಸುಲಭವಾದದ್ದು ಇದರಿಂದಲೇ ಎಂದು ನನಗೆ ಅನ್ನಿಸುತ್ತದೆ.

ಹಾಡು ಮೊದಲು 1993ರಲ್ಲಿ ತಂಡದ ಆಲ್ಬಮ್‌ನಲ್ಲಿ ಬಂತು. ಸ್ಪೇನಿನ ಫ್ಯಾಂಗೋರಿಯಾ ಎಂಬ ಎಲೆಕ್ಟ್ರಾನಿಕ್ ಪಾಪ್ ತಂಡ ಅದಕ್ಕೊಂದು ನೃತ್ಯರೂಪ ಕೊಟ್ಟ ಮೇಲೆ ಸ್ಪ್ಯಾನಿಷ್ ಮಾತನಾಡುವ ದೇಶಗಳಲ್ಲಿ ಅದು ಹರಡಿತು. ಅಮೆರಿಕದ ಮಯಾಮಿಯಲ್ಲಿ ಒಂದು ರೇಡಿಯೊ ಕೇಂದ್ರದ ಡಿಜೆ ಜಾನಿ ಕರೀಡೆ ಅದನ್ನು ಪ್ರಸಾರ ಮಾಡಬಯಸಿದಾಗ, ಇಂಗ್ಲಿಷ್ ಇಲ್ಲದ ಹಾಡನ್ನು ಕೇಂದ್ರ ಹಾಕುತ್ತಿರಲಿಲ್ಲ. ಆದ್ದರಿಂದ ಮೈಕ್ ಟ್ರಿಯಾಯ್ ಮತ್ತು ಕಾರ್ಲೋಸ್ ದೆ ಯಾರ್ಸಾ ಅವರು ಬೇಸೈಡ್ ಬಾಯ್ಸ್ ಎಂಬ ಹೆಸರಿನಲ್ಲಿ, ಪಟ್ರೀಸಿಯಾ ಆಲ್ಫಾರೊ ಅವರ ದನಿಯಲ್ಲಿ ಇಂಗ್ಲಿಷ್ ಚರಣಗಳನ್ನು ಸೇರಿಸಿ ಹೊಸ ಮಿಶ್ರಣವನ್ನು ಸಿದ್ಧಪಡಿಸಿದರು. 1996ರ ಆಗಸ್ಟ್‌ನಲ್ಲಿ ಅದು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿ 14 ವಾರ ಅಲ್ಲಿಯೇ ಉಳಿಯಿತು. ಐವತ್ತರ ಹೊಸ್ತಿಲಲ್ಲಿದ್ದ, ಸೂಟು ತೊಟ್ಟ ಇಬ್ಬರು ಜಾತ್ರೆಯ ಹಾಡುಗಾರರ ಪಾಲಿಗೆ ಬಂದ ಈ ಭಾಗ್ಯವನ್ನು ಯಾವ ಕಂಪನಿಯ ಲೆಕ್ಕಾಚಾರವೂ ಮೊದಲೇ ಊಹಿಸಿರಲಾರದು.

ಯಾವ ಧ್ವನಿಮುದ್ರಿಕೆಯನ್ನು ಆರಿಸಬೇಕು

ಮೊದಲ ಸಿದ್ಧತೆ ಇದು. 1993ರ ಮೂಲ ರುಂಬಾದಲ್ಲಿ ಗಿಟಾರ್, ಚಪ್ಪಾಳೆ ಮತ್ತು ಗಂಡಸರ ದನಿಗಳು ಮುಂದಿವೆ. ಸಣ್ಣ ಕೋಣೆಯಲ್ಲಿ, ಹಿರಿಯರ ಜೊತೆಯಲ್ಲಿ ಅದು ಹಿತವಾಗಿರುತ್ತದೆ. ಬೇಸೈಡ್ ಬಾಯ್ಸ್ ಮಿಶ್ರಣದಲ್ಲಿ ಯಂತ್ರದ ಡೋಲು ಸ್ಪಷ್ಟವಾಗಿ ಬಡಿಯುವುದರಿಂದ ಹೊಸಬರಿಗೆ ಎಣಿಕೆಯನ್ನು ಹಿಡಿಯುವುದು ಸುಲಭ. ಕಲಿಸುವವರು ಎರಡನೆಯದರಲ್ಲಿ ಅಭ್ಯಾಸ ಮಾಡಿಸಿ, ಕ್ರಮ ಕೂತ ಮೇಲೆ ಮೂಲವನ್ನು ಒಮ್ಮೆ ಕೇಳಿಸಲಿ ಎಂಬುದು ನನ್ನ ಸಲಹೆ. ಆಗ ಮೈಯ ತೂಗಾಟ ಎಲ್ಲಿಂದ ಬರಬೇಕೆಂಬುದು ಹೇಳದೆಯೇ ತಿಳಿಯುತ್ತದೆ.

ಸಾಹಿತ್ಯದ ಬಗ್ಗೆಯೂ ಒಂದು ಮಾತು. ಪಲ್ಲವಿ ಎಷ್ಟು ನಿರ್ದೋಷಿಯೋ ಚರಣಗಳು ಅಷ್ಟು ನಿರ್ದೋಷಿಗಳಲ್ಲ. ಮಕರೇನಾಳ ಗೆಳೆಯ ವಿಟೋರಿನೊ ಸೈನ್ಯಕ್ಕೆ ಸೇರಿ ಧ್ವಜದ ಮುಂದೆ ಪ್ರತಿಜ್ಞೆ ಮಾಡುತ್ತಿರುವ ಹೊತ್ತಿನಲ್ಲಿಯೇ ಆಕೆ ಅವನ ಇಬ್ಬರು ಸ್ನೇಹಿತರೊಡನೆ ಸೇರುತ್ತಾಳೆಂಬುದು ಕಥೆ. ಮುಂದೆ ಆಕೆ ಸ್ಪೇನಿನ ಹೆಸರಾಂತ ಮಳಿಗೆಯ ಹೊಸ ಉಡುಪುಗಳನ್ನೂ ನ್ಯೂಯಾರ್ಕಿನ ಬದುಕನ್ನೂ ಕನಸು ಕಾಣುತ್ತಾಳೆ. ಜಾತ್ರೆಯ ಹಾಡುಗಳಲ್ಲಿ ಇಂತಹ ತುಂಟತನ ಎಲ್ಲ ದೇಶಗಳಲ್ಲಿಯೂ ಇರುವುದೇ. ಇಂಗ್ಲಿಷ್ ಚರಣಗಳು ಇನ್ನಷ್ಟು ನೇರವಾಗಿವೆ, ಮತ್ತು ನಮ್ಮ ಮಕ್ಕಳಿಗೆ ಅರ್ಥವಾಗುವುದು ಅವೇ. ಆದ್ದರಿಂದ ಶಾಲೆಯ ವೇದಿಕೆಗೆ ಸ್ಪ್ಯಾನಿಷ್ ರೂಪವನ್ನೋ ವಾದ್ಯರೂಪವನ್ನೋ ಆರಿಸುವುದು ಒಳ್ಳೆಯದು. ಮುಖ್ಯ ಅತಿಥಿಗಳ ಎದುರು ಸಾಲುಗಳನ್ನು ಮೊದಲ ಬಾರಿಗೆ ಗಮನಿಸುವ ಪ್ರಮೇಯ ಬರಬಾರದು.

ಎಣಿಕೆ

ಹಾಡಿನ ವೇಗ ನಿಮಿಷಕ್ಕೆ ಸುಮಾರು 103 ಬೀಟ್. ಬೆಳಗಿನ ನಡಿಗೆಯಲ್ಲಿ ಹೋಗುವವರ ಹೆಜ್ಜೆಯ ವೇಗಕ್ಕೆ ಇದು ಹತ್ತಿರವಾಗಿದೆ, ಹಾಗಾಗಿ ಯಾರಿಗೂ ಏದುಸಿರು ಬರುವುದಿಲ್ಲ. (ಎದೆಬಡಿತ ನಿಂತವರಿಗೆ ತುರ್ತಾಗಿ ಎದೆಯೊತ್ತುವಾಗ ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕೆಂದು ವೈದ್ಯರು ಹೇಳುತ್ತಾರೆ, ಈ ಹಾಡಿನ ವೇಗ ಆ ಮಿತಿಯೊಳಗೇ ಬೀಳುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ ನಷ್ಟವಿಲ್ಲ.)

ಕುಣಿತದ ಒಂದು ಸುತ್ತು ಹದಿನಾರು ಬೀಟ್‌ಗಳದ್ದು. ಅಂದರೆ ಒಂದು ಸುತ್ತಿಗೆ ಒಂಬತ್ತು ಸೆಕೆಂಡುಗಳಿಗಿಂತ ತುಸು ಹೆಚ್ಚು, ನಾಲ್ಕು ದಿಕ್ಕುಗಳನ್ನು ಮುಗಿಸಿ ಮೊದಲಿನ ಕಡೆಗೆ ಬರಲು ಸುಮಾರು 37 ಸೆಕೆಂಡು. ಕರ್ನಾಟಕ ಸಂಗೀತವನ್ನು ಸ್ವಲ್ಪವಾದರೂ ಕಲಿತವರು ಇದನ್ನು ಎಂಟು ಎಣಿಕೆಗಳ ಆದಿತಾಳದ ಎರಡು ಆವರ್ತನಗಳೆಂದು ತೊಡೆಯ ಮೇಲೆ ಹಾಕಿಕೊಂಡರೆ ಲೆಕ್ಕ ತಪ್ಪುವುದೇ ಇಲ್ಲ: ಮೊದಲ ಆವರ್ತನದಲ್ಲಿ ಕೈ, ತೋಳು, ತಲೆ ಮುಗಿಯುತ್ತವೆ, ಎರಡನೆಯದರಲ್ಲಿ ಸೊಂಟದ ಭಾಗ ಬಂದು, ಕೊನೆಯ ಎಣಿಕೆಯಲ್ಲಿ ತಿರುಗಿದೊಡನೆ ಸಮಕ್ಕೆ ಸರಿಯಾಗಿ ಮೊದಲ ಕೈ ಮತ್ತೆ ಚಾಚುತ್ತದೆ.

ಪಲ್ಲವಿಯ ನಾಲ್ಕು ಸಾಲುಗಳು ನಾಲ್ಕು ನಾಲ್ಕು ಬೀಟ್‌ಗಳಂತೆ ಈ ಹದಿನಾರರಲ್ಲಿ ಕೂರುತ್ತವೆ. ನಾಲ್ಕನೆಯ ಸಾಲಿನಲ್ಲಿ ಹಾಡುಗಾರರು "ಏ ಮಕರೇನಾ" ಎಂದು ಕೂಗಿ ಕೊನೆಗೆ "ಆಯ್" ಎನ್ನುತ್ತಾರೆ. ತಿರುಗಬೇಕಾದದ್ದು ಆ ಆಯ್‌ನಲ್ಲಿ. ಎಣಿಕೆ ತಪ್ಪಿದವರಿಗೆ ಮತ್ತೆ ಸೇರಿಕೊಳ್ಳಲು ಇದಕ್ಕಿಂತ ಒಳ್ಳೆಯ ಗುರುತಿಲ್ಲ.

ಕಲಿಸುವಾಗ ಒಂದರಿಂದ ಹದಿನಾರರವರೆಗೆ ಕನ್ನಡದಲ್ಲಿ ಎಣಿಸಲು ಹೋಗಬೇಡಿ. ಹತ್ತು ದಾಟಿದೊಡನೆ ಅಂಕಿಗಳು ಉದ್ದವಾಗಿ ಬಾಯಿ ತಾಳಕ್ಕಿಂತ ಹಿಂದೆ ಬೀಳುತ್ತದೆ. ಅದರ ಬದಲು ಅಂಗಗಳ ಹೆಸರನ್ನೇ ಕೂಗಿ: ಕೈ, ಕೈ, ಮೇಲೆ, ಮೇಲೆ, ತೋಳು, ತೋಳು, ತಲೆ, ತಲೆ, ಸೊಂಟ, ಸೊಂಟ, ಹಿಂದೆ, ಹಿಂದೆ, ಎಡ, ಬಲ, ಎಡ, ತಿರುಗು. ಇದನ್ನು ಕೈಕಾಲು ಆಡಿಸದೆ, ಚಪ್ಪಾಳೆಯೊಂದಿಗೆ ಬಾಯಲ್ಲಿಯೇ ನಾಲ್ಕಾರು ಸಲ ಹೇಳಿಸಿದರೆ ಅರ್ಧ ಕಲಿಕೆ ಮುಗಿದಂತೆ. ಚಪ್ಪಾಳೆಯಲ್ಲಿಯೂ ಆಂಡಲೂಸಿಯಾದ ರೀತಿಯೊಂದಿದೆ: ಹಾಡು ಮೆದುವಾಗಿರುವಾಗ ಅಂಗೈಗಳನ್ನು ಬಟ್ಟಲಿನಂತೆ ಬಾಗಿಸಿ ಮಂದವಾಗಿ ತಟ್ಟುತ್ತಾರೆ, ಏರುವಾಗ ಒಂದು ಕೈಯ ಬೆರಳುಗಳಿಂದ ಇನ್ನೊಂದು ಅಂಗೈಗೆ ಚುರುಕಾಗಿ ಹೊಡೆಯುತ್ತಾರೆ. ಎರಡನ್ನೂ ಗುಂಪಿಗೆ ತೋರಿಸಿ. ಮುಂದೆ ಚರಣಗಳಲ್ಲಿ ಉಪಯೋಗಕ್ಕೆ ಬರುತ್ತದೆ.

ಹದಿನಾರು ಎಣಿಕೆಗಳು

ಪಾದಗಳನ್ನು ಭುಜದಷ್ಟು ಅಗಲವಾಗಿಟ್ಟು, ಮೊಣಕಾಲುಗಳನ್ನು ಬಿಗಿಯದೆ ನಿಲ್ಲಿ. ಮೊದಲ ಬೀಟ್‌ನಲ್ಲಿ ಬಲಗೈಯನ್ನು ಭುಜದ ಎತ್ತರಕ್ಕೆ ನೇರವಾಗಿ ಮುಂದಕ್ಕೆ ಚಾಚಿ, ಅಂಗೈ ನೆಲವನ್ನು ನೋಡುತ್ತಿರಲಿ. ಎರಡನೆಯದರಲ್ಲಿ ಎಡಗೈಯನ್ನು ಹಾಗೆಯೇ ಚಾಚಿ. ಮೂರರಲ್ಲಿ ಬಲ ಅಂಗೈಯನ್ನು ಆಕಾಶದ ಕಡೆಗೆ ತಿರುಗಿಸಿ, ನಾಲ್ಕರಲ್ಲಿ ಎಡ ಅಂಗೈಯನ್ನು. ಹೊಸಬರು ಮೂರನೆಯ ಬೀಟ್‌ನಲ್ಲಿಯೇ ಎರಡೂ ಅಂಗೈಗಳನ್ನು ಒಟ್ಟಿಗೆ ತಿರುಗಿಸಿಬಿಡುತ್ತಾರೆ, ಆಮೇಲೆ ಒಂದು ಎಣಿಕೆ ಮುಂದಾಗಿ ಇಡೀ ಸುತ್ತು ಕೆಡುತ್ತದೆ. ಇಲ್ಲಿ ಅವಸರ ಬೇಡ.

ಐದರಲ್ಲಿ ಬಲಗೈಯನ್ನು ಮಡಚಿ ಎಡ ತೋಳಿನ ಮೇಲೆ, ಆರರಲ್ಲಿ ಎಡಗೈಯನ್ನು ಬಲ ತೋಳಿನ ಮೇಲೆ ಇಡಿ. ಈಗ ಕೈಗಳು ಎದೆಯ ಮುಂದೆ ಕತ್ತರಿಯಾಗಿರುತ್ತವೆ. ಕೆಲವರು ಕೈಯನ್ನು ಮೊಣಕೈಯ ಒಳಬದಿಗೆ ಇಡುತ್ತಾರೆ, ಕೆಲವರು ಭುಜದವರೆಗೆ ಒಯ್ಯುತ್ತಾರೆ. ಎರಡೂ ರೂಢಿಯಲ್ಲಿವೆ, ಆದರೆ ಒಂದು ಗುಂಪಿನಲ್ಲಿ ಎರಡೂ ಕಾಣಬಾರದು. ದೂರದಿಂದ ನೋಡುವವರಿಗೆ ಭುಜ ಹೆಚ್ಚು ಸ್ಪಷ್ಟವಾಗಿ ಕಾಣುವುದರಿಂದ ನಾನು ಅದನ್ನೇ ಕಲಿಸುತ್ತೇನೆ. ಏಳು ಮತ್ತು ಎಂಟರಲ್ಲಿ ಬಲಗೈ, ಅನಂತರ ಎಡಗೈ ತಲೆಯ ಹಿಂಬದಿಗೆ ಹೋಗಬೇಕು. ಮೊಣಕೈಗಳು ಮುಂದಕ್ಕೆ ಬಾಗದೆ ಪಕ್ಕಕ್ಕೆ ಬಿಚ್ಚಿಕೊಂಡಿದ್ದರೆ ಎದೆ ತಾನಾಗಿ ಎತ್ತರವಾಗುತ್ತದೆ, ಮುಖ ನೆಲ ನೋಡುವುದು ತಪ್ಪುತ್ತದೆ.

ಇಲ್ಲಿಂದ ಎರಡನೆಯ ಆವರ್ತನ. ಒಂಬತ್ತರಲ್ಲಿ ಬಲಗೈ ಇಳಿದು ಎಡ ಸೊಂಟದ ಮುಂಬದಿಗೆ, ಹತ್ತರಲ್ಲಿ ಎಡಗೈ ಬಲ ಸೊಂಟದ ಮುಂಬದಿಗೆ ಬರಲಿ. ಹನ್ನೊಂದರಲ್ಲಿ ಬಲಗೈ ಅದೇ ಬದಿಯ ಹಿಂದಿನ ಜೇಬಿರುವ ಜಾಗಕ್ಕೆ, ಹನ್ನೆರಡರಲ್ಲಿ ಎಡಗೈ ಎಡ ಹಿಂದಿನ ಜೇಬಿನ ಜಾಗಕ್ಕೆ. ಮುಂದೆ ಇರುವಾಗ ಕೈಗಳು ಅಡ್ಡ, ಹಿಂದೆ ಹೋದಾಗ ನೇರ ಎಂಬ ಒಂದೇ ಮಾತು ಇಲ್ಲಿನ ಗೊಂದಲವನ್ನೆಲ್ಲ ಕಳೆಯುತ್ತದೆ. ಹದಿಮೂರು, ಹದಿನಾಲ್ಕು, ಹದಿನೈದರಲ್ಲಿ ಕೈಗಳನ್ನು ಅಲ್ಲಿಯೇ ಬಿಟ್ಟು ಸೊಂಟವನ್ನು ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ತೂಗಿ. ಹದಿನಾರರಲ್ಲಿ ಚಪ್ಪಾಳೆ ತಟ್ಟುತ್ತ ಬಲಕ್ಕೆ ಕಾಲು ಸುತ್ತು ತಿರುಗಿ.

ಮೊದಲ ಅಭ್ಯಾಸಕ್ಕೆ ಫೋನಿನ ವಿಡಿಯೊ ಆ್ಯಪ್‌ನಲ್ಲಿ ವೇಗವನ್ನು 0.75ಕ್ಕೆ ಇಳಿಸಿದರೆ ನಿಮಿಷಕ್ಕೆ ಸುಮಾರು 77 ಬೀಟ್ ಆಗುತ್ತದೆ. ಅದಕ್ಕಿಂತ ಕಡಿಮೆ ಮಾಡುವುದು ನನಗೆ ಒಪ್ಪಿಗೆಯಿಲ್ಲ. ದನಿ ಎಳೆದಂತಾಗಿ ಹಾಡು ಹಾಡಾಗಿ ಕೇಳಿಸುವುದಿಲ್ಲ, ಮೈಯೂ ಕುಣಿಯಲು ಒಪ್ಪುವುದಿಲ್ಲ.

ಸೊಂಟ ಮತ್ತು ಮೊಣಕಾಲು

ಕೈಗಳ ಕ್ರಮ ಬಂದೊಡನೆ ಹೆಚ್ಚಿನವರು ಕಲಿತಾಯಿತೆಂದುಕೊಳ್ಳುತ್ತಾರೆ, ಕೆಲಸ ನಿಜವಾಗಿ ಶುರುವಾಗುವುದು ಇಲ್ಲಿ. ಸೊಂಟವನ್ನು ಆಡಿಸು ಎಂದರೆ ನಮ್ಮಲ್ಲಿ ಅನೇಕರು ನಡುವನ್ನು ತಿರುಚುತ್ತಾರೆ, ಇಲ್ಲವೇ ನಾಚಿಕೊಂಡು ಹೆಗಲನ್ನು ಆಡಿಸುತ್ತಾರೆ. ಎರಡೂ ಬೇಡ. ಮೈಯ ಭಾರವನ್ನೆಲ್ಲ ಎಡಗಾಲಿನ ಮೇಲೆ ಹಾಕಿ, ಬಲ ಮೊಣಕಾಲನ್ನು ಸಡಿಲವಾಗಿ ಮುಂದಕ್ಕೆ ಬಾಗಲು ಬಿಡಿ. ಸೊಂಟ ತಾನಾಗಿ ಎಡಕ್ಕೆ ಹೋಗುತ್ತದೆ. ಭಾರವನ್ನು ಬಲಗಾಲಿಗೆ ದಾಟಿಸಿದರೆ ಬಲಕ್ಕೆ ಬರುತ್ತದೆ. ಕೊಡ ಹೊತ್ತು ನಡೆಯುವ ಹೆಂಗಸಿನ ನಡಿಗೆಯಲ್ಲಿ ತಲೆ ಅಲುಗದೆ ಸೊಂಟ ಮಾತ್ರ ತೂಗುವಂತೆ, ಇಲ್ಲಿಯೂ ಹೆಗಲು ಸ್ಥಿರವಾಗಿದ್ದು ಕೆಳಗಿನ ಮೈ ಮಾತ್ರ ಚಲಿಸಬೇಕು.

ಈ ಭಾರದ ದಾಟುವಿಕೆ ಹದಿಮೂರನೆಯ ಎಣಿಕೆಗೆ ಕಾಯಬೇಕಾಗಿಲ್ಲ. ಮೊದಲ ಕೈ ಚಾಚುವಾಗಲೇ ಎಡ, ಬಲ, ಎಡ, ಬಲ ಎಂದು ಪ್ರತಿ ಬೀಟ್‌ಗೂ ಭಾರವನ್ನು ಮೆಲ್ಲನೆ ಬದಲಿಸುತ್ತಿದ್ದರೆ, ಕೈಗಳು ಎಲ್ಲಿಗೆ ಹೋಗಲಿ, ಮೈಯಲ್ಲಿ ರುಂಬಾ ನಡೆಯುತ್ತಲೇ ಇರುತ್ತದೆ. ಕೊನೆಯ ಮೂರು ತೂಗುಗಳು ಅದರ ದೊಡ್ಡ ರೂಪವಷ್ಟೇ ಆಗುತ್ತವೆ. ಹನ್ನೆರಡು ಎಣಿಕೆಗಳವರೆಗೆ ಕಂಬದಂತೆ ನಿಂತು ಹದಿಮೂರರಲ್ಲಿ ಥಟ್ಟನೆ ಸೊಂಟ ಆಡಿಸುವುದೇ ಕುಣಿತ ಕವಾಯತಿನಂತೆ ಕಾಣಲು ಕಾರಣ. ಇದನ್ನು ಕಲಿಸಲು ಒಳ್ಳೆಯ ಉಪಾಯವೆಂದರೆ ಕೈಗಳನ್ನು ಸೊಂಟದ ಮೇಲೆ ಇಟ್ಟುಕೊಂಡು ಇಡೀ ಹಾಡಿಗೆ ಒಮ್ಮೆ ಬರೀ ಭಾರ ಬದಲಿಸುವಂತೆ ಮಾಡುವುದು. ಗುಂಪು ಬೇಸರಪಡಬಹುದು, ಆದರೂ ಬಿಡಬೇಡಿ.

ಇನ್ನೊಂದು ಸಾಮಾನ್ಯ ಲೋಪವೆಂದರೆ ಮುಂದೋಡುವುದು. ಮುಂದಿನ ಚಲನೆ ಗೊತ್ತಿರುವ ಕಾರಣಕ್ಕೇ ಕೈಗಳು ಬೀಟ್‌ಗಿಂತ ಮೊದಲೇ ಜಾಗ ಮುಟ್ಟಿಬಿಡುತ್ತವೆ. ಪ್ರತಿ ಚಲನೆಯೂ ಬೀಟ್ ಬಿದ್ದಾಗ ಆರಂಭವಾಗದೆ ಬೀಟ್ ಬಿದ್ದಾಗ ಮುಗಿದಿರಬೇಕು, ಮುಂದಿನದಕ್ಕೆ ಮೊದಲು ಕಣ್ಣಿಗೆ ಕಾಣುವಷ್ಟು ತಂಗಬೇಕು. ಈ ತಂಗುವಿಕೆಯಿಂದಲೇ ಇಪ್ಪತ್ತು ಜನರ ಕೈಗಳು ಒಂದೇ ಕೈಯಂತೆ ಕಾಣುತ್ತವೆ.

ಕುಣಿಯಲು ಒಲ್ಲದವರನ್ನು ಒತ್ತಾಯಿಸುವ ಮೊದಲು ಅಮೆರಿಕದ ಆಗಿನ ಉಪಾಧ್ಯಕ್ಷ ಆಲ್ ಗೋರ್ ಅವರ ಪ್ರಸಂಗವನ್ನು ಹೇಳಿ ನಗಿಸಬಹುದು. 1996ರ ಆಗಸ್ಟ್‌ನಲ್ಲಿ ಶಿಕಾಗೊದಲ್ಲಿ ನಡೆದ ಡೆಮಾಕ್ರಟಿಕ್ ಪಕ್ಷದ ಸಮಾವೇಶದಲ್ಲಿ ಪ್ರತಿನಿಧಿಗಳೆಲ್ಲ ಈ ಹಾಡಿಗೆ ಕುಣಿಯುತ್ತಿದ್ದಾಗ, ತಮ್ಮ ಬಿಗುವಿಗೆ ಹೆಸರಾಗಿದ್ದ ಗೋರ್ ತಾವೂ ಮಕರೇನಾ ತೋರಿಸುವುದಾಗಿ ಹೇಳಿ ಅಲುಗಾಡದೆ ನಿಂತರು. ಅನಂತರ, ಇನ್ನೊಮ್ಮೆ ನೋಡಬೇಕೆ ಎಂದು ಕೇಳಿದರು.

ತಿರುಗುವುದು

ಹದಿನೈದನೆಯ ಎಣಿಕೆಯಲ್ಲಿ ಸೊಂಟ ಎಡಕ್ಕಿರುವುದರಿಂದ ಭಾರ ಎಡಗಾಲಿನ ಮೇಲಿರುತ್ತದೆ, ಬಲಗಾಲು ಬಿಡುವಾಗಿರುತ್ತದೆ. ಆ ಬಿಡುವಾದ ಬಲಗಾಲನ್ನು ಬೆರಳುಗಳು ಬಲಕ್ಕೆ ನೋಡುವಂತೆ ಇಟ್ಟು, ಎಡಗಾಲನ್ನು ಪಕ್ಕಕ್ಕೆ ತಂದರೆ ಕಾಲು ಸುತ್ತು ಆಯಿತು. ಬಲಕ್ಕೆ ತಿರುಗುವುದು ಹಿತವಾಗಿರುವುದು ಇದರಿಂದಲೇ. ಎಡಕ್ಕೆ ತಿರುಗುವ ರೂಢಿಯೂ ಕೆಲವು ಕಡೆ ಇದೆ. ಹಾಗೆ ಮಾಡುವ ಗುಂಪು ಕೊನೆಯ ತೂಗುಗಳನ್ನು ಬಲ, ಎಡ, ಬಲ ಎಂದು ಬದಲಿಸಿಕೊಂಡರೆ ಕಾಲುಗಳಿಗೆ ತೊಡಕಾಗುವುದಿಲ್ಲ. ಎಳೆಯರು ಎರಡೂ ಪಾದಗಳಿಂದ ಜಿಗಿದು ತಿರುಗಲು ಇಷ್ಟಪಡುತ್ತಾರೆ, ಅದು ನೋಡಲೂ ಚೆಂದ. ಸೀರೆ ಉಟ್ಟವರು, ಪಂಚೆಯಲ್ಲಿರುವವರು, ಮೊಣಕಾಲು ನೋವಿರುವವರು ಹೆಜ್ಜೆಯಿಟ್ಟೇ ತಿರುಗಲಿ. ನುಣುಪಾದ ಗ್ರಾನೈಟ್ ನೆಲದ ಮೇಲೆ ಕಾಲುಚೀಲದಲ್ಲಿ ಕುಣಿಯಲು ಮಾತ್ರ ಯಾರಿಗೂ ಬಿಡಬೇಡಿ. ಬರಿಗಾಲು ಅಥವಾ ಹಿಡಿತವಿರುವ ಪಾದರಕ್ಷೆ ಇರಲಿ. ಕುರ್ಚಿಯಲ್ಲಿ ಕೂತು ಭಾಗವಹಿಸುವ ಹಿರಿಯರು ಹನ್ನೊಂದು ಮತ್ತು ಹನ್ನೆರಡರಲ್ಲಿ ಕೈಗಳನ್ನು ತೊಡೆಯ ಪಕ್ಕಕ್ಕೆ ತಂದು, ತಿರುಗುವ ಬದಲು ಎರಡು ಬಿರುಸಾದ ಚಪ್ಪಾಳೆ ತಟ್ಟಬಹುದು.

ಗುಂಪನ್ನು ನಿಲ್ಲಿಸುವುದು

ಕೈಗಳು ಮುಂದಕ್ಕೆ ಚಾಚುವುದರಿಂದಲೂ ಗುಂಪು ನಾಲ್ಕೂ ದಿಕ್ಕಿಗೆ ಮುಖ ಮಾಡುವುದರಿಂದಲೂ, ಉದ್ದಕ್ಕೂ ಅಡ್ಡಕ್ಕೂ ಒಬ್ಬರಿಂದೊಬ್ಬರಿಗೆ ಸಮನಾದ ಅಂತರವಿರಬೇಕು. ಐದು ಅಡಿ ಸಾಕು. ಇಪ್ಪತ್ತೈದು ಜನರನ್ನು ಐದೈದರ ಚೌಕವಾಗಿ ನಿಲ್ಲಿಸಲು ಸುಮಾರು 25 ಅಡಿ ಉದ್ದಗಲದ ಜಾಗ ಬೇಕಾಗುತ್ತದೆ.

ಚೆನ್ನಾಗಿ ಬಲ್ಲವರನ್ನು ಮೊದಲ ಸಾಲಿನಲ್ಲಿ, ಹೊಸಬರನ್ನು ಹಿಂದೆ ನಿಲ್ಲಿಸುವುದು ನಮ್ಮಲ್ಲಿ ವಾಡಿಕೆ. ಬೇರೆ ಕುಣಿತಗಳಿಗೆ ಅದು ಸರಿ, ಇಲ್ಲಿ ಮಾತ್ರ ತಿರುಗುಬಾಣವಾಗುತ್ತದೆ. ಒಂದು ತಿರುವಾದ ಕೂಡಲೇ ಬಲ ಅಂಚಿನ ಸಾಲೇ ಮುಂಚೂಣಿಯಾಗುತ್ತದೆ; ಎರಡು ತಿರುವುಗಳಾದ ಮೇಲೆ ಕೊನೆಯ ಸಾಲಿನ ಹೊಸಬರು ಎಲ್ಲರಿಗಿಂತ ಮುಂದಿರುತ್ತಾರೆ, ನೋಡಿ ಮಾಡಲು ಅವರ ಎದುರಿಗೆ ಗೋಡೆಯಲ್ಲದೆ ಯಾರೂ ಇರುವುದಿಲ್ಲ. ಆದ್ದರಿಂದ ಹೊಸಬರು ಚೌಕದ ಒಳಗಿರಬೇಕು, ಬಲ್ಲವರು ಅಂಚಿನಲ್ಲಿರಬೇಕು. ಐದೈದರ ಚೌಕದಲ್ಲಿ ಅಂಚಿನಲ್ಲಿ ಹದಿನಾರು, ಒಳಗೆ ಒಂಬತ್ತು ಜಾಗಗಳಿವೆ. ಅಷ್ಟು ಜನ ಬಲ್ಲವರು ಇಲ್ಲದಿದ್ದರೆ ನಾಲ್ಕು ಮೂಲೆಗಳಿಗಾದರೂ ಗಟ್ಟಿಯಾದವರನ್ನು ಹಾಕಿ, ಏಕೆಂದರೆ ಮೂಲೆಯಲ್ಲಿರುವವರು ಎರಡು ದಿಕ್ಕುಗಳಲ್ಲಿ ಮುಂದಿನ ಸಾಲಿನವರಾಗುತ್ತಾರೆ.

ಕಲಿಸುವವರು ಗುಂಪಿಗೆ ಬೆನ್ನು ಹಾಕಿ ನಿಂತರೆ ಬಲ ಬಲವೇ ಆಗಿರುತ್ತದೆ, ಆದರೆ ತಪ್ಪು ಕಾಣುವುದಿಲ್ಲ. ಎದುರಾಗಿ ನಿಂತರೆ ತಾವು ಎಡಗೈ ಎತ್ತಿ ಬಾಯಲ್ಲಿ ಬಲ ಎನ್ನಬೇಕಾಗುತ್ತದೆ. ಮೊದಲ ಸುತ್ತುಗಳನ್ನು ಬೆನ್ನು ಹಾಕಿ ತೋರಿಸಿ, ಆಮೇಲೆ ಎದುರು ತಿರುಗುವುದು ಉತ್ತಮ. ಚಿಕ್ಕ ಮಕ್ಕಳಿಗಾದರೆ ಬಲ ಮಣಿಕಟ್ಟಿಗೆ ಒಂದು ಬಣ್ಣದ ದಾರ ಕಟ್ಟಿ, ದಾರದ ಕೈ, ಬರಿಯ ಕೈ ಎಂದು ಕೂಗಿದರೆ ಎಡಬಲದ ಗೊಂದಲವೇ ಇರುವುದಿಲ್ಲ.

ವೇದಿಕೆಯ ಮೇಲೆ ಇನ್ನೊಂದು ತೊಡಕಿದೆ. ನಾಲ್ಕು ಸುತ್ತುಗಳಲ್ಲಿ ಒಂದನ್ನು ಪ್ರೇಕ್ಷಕರಿಗೆ ಬೆನ್ನು ತೋರಿಸಿಯೇ ಕುಣಿಯಬೇಕಾಗುತ್ತದೆ. ಅಂಗಳದಲ್ಲಿ ಇದು ಯಾರಿಗೂ ಲೆಕ್ಕಕ್ಕಿಲ್ಲ. ವೇದಿಕೆಯಲ್ಲಿ ಬೇಡವೆನಿಸಿದರೆ ಒಮ್ಮೆ ಬಲಕ್ಕೆ ತಿರುಗಿ ಮರುಸುತ್ತಿನಲ್ಲಿ ಎಡಕ್ಕೆ ಮರಳುವಂತೆ ಮಾಡಿಕೊಳ್ಳಬಹುದು. ಪ್ಯಾರಿಸ್‌ನ ನೃತ್ಯ ಸಂಯೋಜಕಿ ಮಿಯಾ ಫ್ರೈ ಹಾಡಿನ ವಿಡಿಯೊಗಾಗಿ ಹೊಂದಿಸಿದ ಕುಣಿತ ಪಾರ್ಟಿಗಳಲ್ಲಿ ಹೀಗೆ ಎಷ್ಟೋ ಬಗೆಯಲ್ಲಿ ಬದಲಾಗಿದೆ, ಇನ್ನೊಂದು ಬದಲಾವಣೆಯಿಂದ ಏನೂ ಕೆಡುವುದಿಲ್ಲ.

ಚರಣಗಳು ಮತ್ತು ಮುಕ್ತಾಯ

ಪಾರ್ಟಿಗಳಲ್ಲಿ ಹಾಡು ಮುಗಿಯುವವರೆಗೂ ಇದೇ ಸುತ್ತನ್ನು ಬಿಡದೆ ಆಡುತ್ತಾರೆ. ಎರಡನೆಯ ನಿಮಿಷಕ್ಕೆ ನೋಡುವವರಿಗೆ ಸಾಕೆನಿಸಿಬಿಡುತ್ತದೆ ಎಂಬುದು ನನ್ನ ಅಭಿಪ್ರಾಯ. ವೇದಿಕೆಗಾಗಿ ಸಿದ್ಧಪಡಿಸುವವರು ಪಲ್ಲವಿಗೆ ಮಾತ್ರ ಸುತ್ತನ್ನು ಇಟ್ಟುಕೊಂಡು, ಚರಣಗಳಲ್ಲಿ ಗುಂಪನ್ನು ಇಬ್ಭಾಗ ಮಾಡಿ ಅರ್ಧ ಜನ ಮಂದ ಚಪ್ಪಾಳೆ, ಉಳಿದರ್ಧ ಚುರುಕು ಚಪ್ಪಾಳೆ ಹಾಕುತ್ತ ಭಾರ ಬದಲಿಸುವ ಹೆಜ್ಜೆಯಲ್ಲಿಯೇ ನಿಲ್ಲುವಂತೆ ಮಾಡಬಹುದು. ಬೇಕಾದರೆ ಇಬ್ಬಿಬ್ಬರಂತೆ ಮುಂದೆ ಬಂದು ತಮಗೆ ತೋಚಿದಂತೆ ಕುಣಿದು ಹಿಂದೆ ಸರಿಯಲಿ. ಆಂಡಲೂಸಿಯಾದ ಕೂಟಗಳಲ್ಲಿಯೂ ಸುತ್ತ ನಿಂತವರ ಚಪ್ಪಾಳೆಯ ನಡುವೆ ಒಬ್ಬೊಬ್ಬರಾಗಿ ಕುಣಿಯುವ ಪದ್ಧತಿಯಿದೆ. ನೀವು ಆರಿಸಿದ ಮುದ್ರಿಕೆಯಲ್ಲಿ ಪಲ್ಲವಿ ಯಾವ ನಿಮಿಷ, ಯಾವ ಸೆಕೆಂಡಿನಲ್ಲಿ ಬರುತ್ತದೆಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ, ಏಕೆಂದರೆ ಒಂದೊಂದು ಮಿಶ್ರಣದಲ್ಲಿಯೂ ಅದು ಬೇರೆ ಬೇರೆ.

ಸಾರ್ವಜನಿಕ ಕಾರ್ಯಕ್ರಮದಲ್ಲಿ ಮುದ್ರಿತ ಹಾಡನ್ನು ಹಾಕಲು ಹಕ್ಕುದಾರರ ಪರವಾನಗಿ ಬೇಕೆಂಬುದನ್ನು ಸಂಘಟಕರು ಮರೆಯಬಾರದು. ಮದುವೆ ಮತ್ತು ಅದಕ್ಕೆ ಸೇರಿದ ಸಮಾರಂಭಗಳಿಗೆ ಭಾರತದ ಕೃತಿಸ್ವಾಮ್ಯ ಕಾಯ್ದೆಯಲ್ಲಿ ವಿನಾಯಿತಿಯಿದೆ.

ಹಾಡನ್ನು ಮೂರು ನಿಮಿಷಕ್ಕೆ ಕತ್ತರಿಸುವುದಾದರೆ ದನಿ ನಿಧಾನವಾಗಿ ಕರಗುವಂತೆ ಮಾಡಬೇಡಿ; ಗುಂಪಿನ ಅರ್ಧ ಜನ ಕೈ ಇಳಿಸಿ, ಅರ್ಧ ಜನ ಮುಂದುವರಿಸುತ್ತಾರೆ. ಪಲ್ಲವಿಯ ಕೊನೆಯ ಆಯ್‌ನ ಮೇಲೆಯೇ ಕತ್ತರಿಸಿ. ನಾಲ್ಕರ ಗುಣಕದಷ್ಟು ಸುತ್ತುಗಳು ಮುಗಿದಿರುವಂತೆ ಮೊದಲೇ ಲೆಕ್ಕ ಹಾಕಿಕೊಂಡಿದ್ದರೆ ಆ ಚಪ್ಪಾಳೆಯ ಹೊತ್ತಿಗೆ ಇಡೀ ಗುಂಪು ಪ್ರೇಕ್ಷಕರ ಕಡೆಗೆ ಮುಖ ಮಾಡಿರುತ್ತದೆ. ಒಂದು ಸುತ್ತು ಹೆಚ್ಚಾಗುವುದಾದರೆ ಎರಡನೆಯ ಪಲ್ಲವಿಯಲ್ಲಿ ಒಂದು ತಿರುವನ್ನು ಬಿಟ್ಟು ನಿಂತಲ್ಲೇ ಚಪ್ಪಾಳೆ ತಟ್ಟಿಸಿ ಸರಿಪಡಿಸಿಕೊಳ್ಳಬಹುದು.